ಮೂರನೇ ಮೇಜಿನ ಗ್ಯಾಲಕ್ಸಿ

ಸಂಖ್ಯೆ: ಆ.ಚಿ.ವಿ/ಗುರುತು/ಅಸ್ಪಷ್ಟ/೧೧೭

ಸುತ್ತೋಲೆ

ವಿಷಯ: ಆಕಾಶ ಸಮೀಕ್ಷೆಯ ಚಿತ್ರಗಳಲ್ಲಿ ಕಂಡ ಗುರುತಾಗದ ವಸ್ತುವನ್ನು ಒರೆಸಿದ ಬಗ್ಗೆ.

ಉಲ್ಲೇಖ: ೧. ಮೂರನೇ ಮೇಜಿನ ವರದಿ. ೨. ಹಲ್ಲಿನ ವೈದ್ಯರ ಫೋನ್ ಕರೆಗಳು. ೩. ಸ್ವಚ್ಛತಾ ಸಿಬ್ಬಂದಿಯ ಹೇಳಿಕೆ (ಮೌಖಿಕ, ಕಸ ಗುಡಿಸುತ್ತಾ ನೀಡಿದ್ದು).

ಪ್ರಸ್ತಾವನೆ:

ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡಿ, ಇದು ನಕ್ಷತ್ರ, ಇದು ಗ್ಯಾಲಕ್ಸಿ, ಇದು ಏನೆಂದು ತಿಳಿಯದು ಎಂದು ಗುರುತು ಹಾಕುವುದು ಈ ಶಾಖೆಯ ಕೆಲಸ. ಅವೇ ಚಿತ್ರಗಳನ್ನು ಹವ್ಯಾಸಿ ವೀಕ್ಷಕರೂ ತಮ್ಮ ಮನೆಗಳಲ್ಲಿ ನೋಡುತ್ತಾರೆ. ಮೂರನೇ ಮೇಜಿನ ಹಿರಿಯ ಖಗೋಳಜ್ಞರು ಚಿತ್ರದ ಬಲಮೂಲೆಯಲ್ಲಿ ಕಂದುಬಣ್ಣದ, ಅಂಚು ಒರಟಾದ ವಸ್ತುವೊಂದನ್ನು ಪತ್ತೆ ಮಾಡಿದರು. ಮುಂದಿನ ಚಿತ್ರದಲ್ಲೂ ಅದು ಅಲ್ಲೇ ಇತ್ತು. ಆಕಾಶದ ಇನ್ನೊಂದು ತುದಿಯ ಚಿತ್ರದಲ್ಲೂ ಅಲ್ಲೇ ಇತ್ತು. ಎಲ್ಲೆಡೆ ಇರುವ ಇಂಥ ವಸ್ತು ಇದುವರೆಗೆ ಕಂಡಿಲ್ಲವೆಂದು ಅವರು ವರದಿ ಸಲ್ಲಿಸಿದರು. ನಿರ್ದೇಶಕರು ಅದನ್ನು ಗ್ಯಾಲಕ್ಸಿಯೆಂದು ಅನುಮೋದಿಸಿ ಭಾಷಣವನ್ನೂ ಮಾಡಿದರು.

ಕಳೆದ ಸೋಮವಾರ ಸ್ವಚ್ಛತಾ ಸಿಬ್ಬಂದಿ (ಶಾಖೆಯಲ್ಲಿ ಎಲ್ಲರೂ 'ಅಕ್ಕ' ಎನ್ನುವವರು) ಒದ್ದೆ ಬಟ್ಟೆಯಿಂದ ಮೂರನೇ ಮೇಜಿನ ಕಂಪ್ಯೂಟರ್ ಪರದೆಯನ್ನು ಒರೆಸಿದ ನಂತರ ಸದರಿ ಗ್ಯಾಲಕ್ಸಿಯು ಕಂಡುಬಂದಿರುವುದಿಲ್ಲ. ಅಕ್ಕನ ಗುತ್ತಿಗೆ ಈ ಶನಿವಾರ ಮುಗಿಯಲಿದ್ದು, ಅವರನ್ನು ಕೆಲಸದಲ್ಲಿ ಮುಂದುವರಿಸಬೇಕೇ ಎಂಬ ಪ್ರಶ್ನೆ ಎದ್ದಿರುತ್ತದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಗುರುತಾಗದ ವಸ್ತುವನ್ನು ಉಗುರಿನಿಂದ ಕೆರೆದು ನೋಡತಕ್ಕದ್ದಲ್ಲ. ಕೆರೆಯಲೇಬೇಕಾದಲ್ಲಿ ಮೇಲಧಿಕಾರಿಯ ಉಗುರನ್ನು ಬಳಸತಕ್ಕದ್ದು.

೨. ಹವ್ಯಾಸಿ ವೀಕ್ಷಕರಾದ ಹಲ್ಲಿನ ವೈದ್ಯರೊಬ್ಬರು, "ನಮ್ಮನೆ ಕಂಪ್ಯೂಟರಲ್ಲಿ ಅಂಥದ್ದೇನೂ ಕಾಣ್ತಿಲ್ಲ ಸ್ವಾಮಿ, ನಿಮ್ಮ ಗಾಜು ಒಮ್ಮೆ ನೋಡ್ಕೊಳ್ಳಿ" ಎಂದು ಪದೇ ಪದೇ ಫೋನ್ ಮಾಡಿರುತ್ತಾರೆ. ಗ್ಯಾಲಕ್ಸಿಯು ಇಲಾಖೆಯ ಪರದೆಯಲ್ಲಿ ಮಾತ್ರ ಕಾಣುವುದು ಇಲಾಖೆಯ ಪರದೆಯ ಹೆಚ್ಚುಗಾರಿಕೆಯೆಂದು ಅವರಿಗೆ ತಿಳಿಸಲಾಗಿದೆ. ಅವರು ನಕ್ಕಿದ್ದನ್ನು ಕಡತಕ್ಕೆ ತೆಗೆದುಕೊಂಡಿರುವುದಿಲ್ಲ.

೩. ಗ್ಯಾಲಕ್ಸಿಯ ಬಳಿ ಇರುವೆಗಳು ಕಂಡುಬಂದಲ್ಲಿ 'ಚಲಿಸುವ ಕಾಯಗಳು' ಎಂದು ನಮೂದಿಸತಕ್ಕದ್ದು. ಸಾಲಾಗಿ ಬಂದಲ್ಲಿ ಒಂದೇ ನಮೂದು ಸಾಕು.

೪. ದೂರದ ನಕ್ಷತ್ರಗಳ ಷರಾ ಕಾಲಂನಲ್ಲಿ 'ಯಾರೋ ದೀಪ ಆರಿಸೋದು ಮರೆತಿದ್ದಾರೆ' ಎಂಬಂಥ ಬರಹ ಸಲ್ಲದು. ದೀಪ ಹಚ್ಚಿದವರು ಈಗಿಲ್ಲ, ಬೆಳಕು ಮಾತ್ರ ಇನ್ನೂ ಬರುತ್ತಿದೆ ಎಂಬುದು ತಾಂತ್ರಿಕವಾಗಿ ಸರಿಯಿದ್ದರೂ, ಅದಕ್ಕೆ ಕಾಲಂ ಇರುವುದಿಲ್ಲ.

೫. ವಿಚಾರಣೆಯಲ್ಲಿ ಅಕ್ಕ ಈ ಕೆಳಗಿನಂತೆ ಹೇಳಿರುತ್ತಾರೆ: "ಟೀಯಲ್ಲಿ ನೆನೆದ ಬಿಸ್ಕತ್ತಿನ ಚೂರು ಸಾರ್ ಅದು. ಬಟ್ಟೆಗೆ ಅಂಟ್ಕೊಂಡು ಬಂತು. ಇಷ್ಟು ದಿನ ಒರೆಸ್ಲಿಲ್ಲ ಅಂತ ಬೈತೀರೇನೋ ಅಂದ್ಕೊಂಡಿದ್ದೆ, ಒರೆಸಿದ್ದಕ್ಕೆ ಬೈತಿದೀರಲ್ಲ."

೬. ಸದರಿ ಹೇಳಿಕೆಯನ್ನು ವಿಚಾರಣಾ ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿತು. ಒಪ್ಪಿದರೆ, ನಿರ್ದೇಶಕರು ಬಿಸ್ಕತ್ತಿನ ಕುರಿತು ಭಾಷಣ ಮಾಡಿದಂತಾಗುತ್ತದೆ. ಒಪ್ಪದಿದ್ದರೆ, ಒದ್ದೆ ಬಟ್ಟೆಯಿಂದ ಗ್ಯಾಲಕ್ಸಿಯನ್ನೇ ಇಲ್ಲವಾಗಿಸಬಲ್ಲ ವ್ಯಕ್ತಿಯನ್ನು ಶನಿವಾರದಿಂದ ಹೊರಗೆ ಬಿಟ್ಟಂತಾಗುತ್ತದೆ. ಸಮಿತಿಯು ಹೇಳಿಕೆಯನ್ನು ಒಪ್ಪಿರುವುದಿಲ್ಲ.

೭. ಆದಕಾರಣ, ಸಾರ್ವಜನಿಕರ ಹಾಗೂ ಸೂರ್ಯನ ಸುರಕ್ಷತೆಯ ದೃಷ್ಟಿಯಿಂದ ಅಕ್ಕನ ಕೆಲಸವನ್ನು ಕಾಯಂಗೊಳಿಸಲಾಗಿದೆ. ಬಟ್ಟೆಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು. ಬೇರೆ ಯಾರೂ ಹತ್ತಿರ ಹೋಗಲು ಒಪ್ಪದಿರುವುದರಿಂದ ಕೀಲಿಕೈ ಅಕ್ಕನ ಬಳಿಯೇ ಇರತಕ್ಕದ್ದು.

೮. ನಿರ್ದೇಶಕರ ಭಾಷಣದಲ್ಲಿ 'ಗ್ಯಾಲಕ್ಸಿ' ಎಂದಿರುವಲ್ಲೆಲ್ಲ 'ದಿವಂಗತ ಗ್ಯಾಲಕ್ಸಿ' ಎಂದು ಓದಿಕೊಳ್ಳತಕ್ಕದ್ದು. ಬಿಸ್ಕತ್ತು ತಿನ್ನುವವರು ಆಕಾಶಕ್ಕೆ ಬೆನ್ನು ಹಾಕಿ ಕೂರತಕ್ಕದ್ದು.

ಸಹಿ/- (ಗುರುತಾಗಿಲ್ಲ)
ಉಪ ನಿರ್ದೇಶಕರು
(ನಿರ್ದೇಶಕರು ದಿಢೀರ್ ರಜೆಯಲ್ಲಿರುವುದರಿಂದ)

ಪ್ರತಿಗಳು:

೧. ಮೂರನೇ ಮೇಜಿಗೆ, ಗಾಜಿನ ಮೇಲೆ ಅಂಟಿಸಬಾರದೆಂಬ ಸೂಚನೆಯೊಂದಿಗೆ.

೨. ಹಲ್ಲಿನ ವೈದ್ಯರಿಗೆ, ಬಾಯಿ ಮುಚ್ಚಿಕೊಂಡು ಓದಲು.

೩. ಅಕ್ಕನಿಗೆ. ಮುಂಗಡ ಪ್ರತಿಯನ್ನು ಪಡೆದು, "ಆಯ್ತು ಬಿಡಿ. ಐದನೇ ಮೇಜಲ್ಲೂ ಒಂದಿದೆ, ಅದನ್ನೇನ್ ಮಾಡ್ಲಿ?" ಎಂದು ಕೇಳಿರುತ್ತಾರೆ. ಹೊಸ ಕಡತ ತೆರೆಯಲಾಗಿದೆ.