ಬೇಕರಿ ಮುಂದೆ ಕೂತು ಏಳದ ಶ್ರೀ ಮಾನಿಟರ್ ಅವರಿಗೆ

ಇವರಿಗೆ,
ಶ್ರೀ ಮಾನಿಟರ್,
ವರಾಂಡದ ಚಾಪೆ, ನಮ್ಮದೇ ಮನೆ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ ನಮಸ್ಕರಿಸಿ, ತಮ್ಮ ಬಾಲದ ಯೋಗಕ್ಷೇಮವನ್ನು ವಿಚಾರಿಸಿಕೊಂಡು, ತಮ್ಮ ಯಜಮಾನನೆಂದು ನಾಯಿ ಲೈಸೆನ್ಸಿನಲ್ಲಿ ಮಾತ್ರ ನಮೂದಾಗಿರುವ ನಿವೃತ್ತ ಡ್ರಿಲ್ ಮಾಸ್ತರನಾದ ನಾನು ಈ ದೂರನ್ನು ತಮ್ಮ ಸನ್ನಿಧಿಗೆ ಒಪ್ಪಿಸುತ್ತಿದ್ದೇನೆ. ತಮಗೆ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ, ಕೇಳಿಸಿಕೊಳ್ಳದವರ ಮುಂದೆಯೇ ಗಂಟಲು ಹರಿದುಕೊಂಡವನಿಗೆ ಅದೊಂದು ಅಡ್ಡಿಯಲ್ಲ. ಪತ್ರದ ಒಂದು ಪ್ರತಿಯನ್ನು ಪಾರ್ಕಿನ ನೋಟಿಸ್ ಬೋರ್ಡಿಗೂ ಅಂಟಿಸುತ್ತಿದ್ದೇನೆ. ಅಲ್ಲಿ ತಮ್ಮ ಅಭಿಮಾನಿಗಳಿಗೇನೂ ಕೊರತೆಯಿಲ್ಲ, ಯಾರಾದರೂ ಓದಿ ಹೇಳುತ್ತಾರೆ.

ತಮಗೆ ಶಿಸ್ತು ಕಲಿಸಿದವನು ನಾನೇ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ತರಗತಿಯ ಹುಡುಗರು ಕೊನೆಗೂ ಕಲಿಯದೆ ಹೋದದ್ದನ್ನು ತಾವು ಆರೇ ತಿಂಗಳಲ್ಲಿ ಕಲಿತಿರಿ. ಆ ಹೆಮ್ಮೆಗೇ ತಮಗೆ ಮಾನಿಟರ್ ಎಂದು ಹೆಸರಿಟ್ಟೆ. ಆದರೆ ನಾನು ಕಲಿಸಿದ್ದು ತಾವು ಪಾಲಿಸಲೆಂದೇ ಹೊರತು ನನ್ನಿಂದ ಪಾಲನೆ ಮಾಡಿಸಲೆಂದಲ್ಲ. ಸಿಗ್ನಲ್ ಕೆಂಪಾದೊಡನೆ ತಾವು ಫುಟ್‌ಪಾತಿನ ಅಂಚಿಗೆ ಕೂತುಬಿಡುತ್ತೀರಿ. ಸಂದು ಸಿಕ್ಕಿತೆಂದು ಒಂದು ಕಾಲು ರಸ್ತೆಗಿಟ್ಟ ನನ್ನನ್ನು ನೋಡಿ ಟ್ರಾಫಿಕ್ ಪೊಲೀಸಿನವರು, "ಸಾರ್, ಅವನನ್ನ ನೋಡಿನಾದ್ರೂ ಕಲೀರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಔಷಧಿ ಅಂಗಡಿಯಲ್ಲಿ ಇಬ್ಬರ ಭುಜದ ಮೇಲಿಂದ ನಾನು ಚೀಟಿ ಚಾಚಿದರೆ ತಾವು ಚೈನು ಎಳೆದುಕೊಂಡು ಹೋಗಿ ಕ್ಯೂವಿನ ಕೊನೆಯಲ್ಲಿ ಕೂತಿರಿ. ಇಡೀ ಕ್ಯೂ ತಮ್ಮನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು, ಆಮೇಲೆ ನಾನೂ ಬಂದು ತಮ್ಮ ಹಿಂದೆ ನಿಂತೆ. ಬ್ಯಾಂಕಿನ ಗಾರ್ಡ್ ಅಂತೂ ತಮಗೆ ಬಾಗಿಲು ತೆರೆದು ಸೆಲ್ಯೂಟ್ ಹೊಡೆದು, ನನ್ನನ್ನು ಅಡ್ಡಗಟ್ಟಿ, "ತಾವು ಇವನ ಜೊತೆ ಬಂದೋರಾ?" ಎಂದು ಕೇಳಿದರು. ಆ ಬ್ಯಾಂಕಿನಲ್ಲಿ ನನ್ನ ಖಾತೆಗೆ ಇಪ್ಪತ್ತಾರು ವರ್ಷ ತುಂಬಿದೆ.

ಇವೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಾದ ಸಂಗತಿಗಳು. ಆದರೆ ಮೊನ್ನೆ ಮಂಗಳವಾರ ಬೆಳಿಗ್ಗೆ ಬೇಕರಿಯ ಮುಂದೆ ತಾವು ಮಾಡಿದ್ದನ್ನು ಮಾತ್ರ ಸುಮ್ಮನೆ ಬಿಡುವಂತಿಲ್ಲ. ಒಂಬತ್ತು ವರ್ಷ ನಾನು ಒಂದು ದಿನವೂ ತಪ್ಪದೆ ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದ್ದ ಜಗಳವೊಂದನ್ನು ತಾವು ಕಾಲು ಗಂಟೆಯಲ್ಲಿ ಹಾಳು ಮಾಡಿದಿರಿ.

ಆ ಬೇಕರಿ ನನ್ನ ಒಡಹುಟ್ಟಿದ ತಮ್ಮನದು. ಚಿಕ್ಕಂದಿನಲ್ಲಿ ಅವನು ಓಟದಲ್ಲಿ ಎರಡನೆಯವನಾಗಿ ಬಂದು ಬಹುಮಾನದ ಲೋಟ ತೋರಿಸಿದಾಗ, ಮೊದಲನೆಯವನು ಯಾರೆಂದು ಕೇಳಿದ ಅಣ್ಣ ನಾನು. ಅಂಗಡಿ ತೆರೆದ ದಿನವೂ ಕರೆಯದಿದ್ದರೂ ಇನ್‌ಸ್ಪೆಕ್ಷನ್ ಮಾಡಿದೆ. ಟ್ರೇಗಳು ಒಂದೇ ಗೆರೆಯಲ್ಲಿಲ್ಲವೆಂದೆ, ಹೊರಗಿನ ಬೋರ್ಡು ಎಡಗಡೆ ಎರಡು ಬೆರಳು ಇಳಿದಿದೆಯೆಂದೆ. ಬಂದವರೆಲ್ಲರ ಎದುರಿಗೆ ಅವನು, "ನಿನ್ನ ಬಾಯಲ್ಲಿ ಒಂದ್ಸಲನಾದ್ರೂ ಶಾಬಾಸ್ ಅನ್ನೋ ಮಾತು ಬರಲ್ವಲ್ಲಣ್ಣ" ಎಂದ. ಅವನು ಕೈಗೆ ಕೊಟ್ಟಿದ್ದ ಬನ್ನನ್ನು ನಾನು ಗಾಜಿನ ಮೇಲಿಟ್ಟು ಹೊರಟುಬಂದೆ. ಅಂದಿನಿಂದ ಆ ರಸ್ತೆ ತುಳಿಯದೆ ಹಿಂದಿನ ಬೀದಿಯಿಂದಲೇ ಸುತ್ತಿಕೊಂಡು ಓಡಾಡಿದೆ. ಈಗ ಪೈಪು ಹಾಕಲೆಂದು ಹಿಂದಿನ ಬೀದಿಯನ್ನು ಅಗೆದಿದ್ದಾರೆ; ತಮ್ಮನ್ನು ಪಾರ್ಕಿಗೆ ಕರೆದೊಯ್ಯಲು ಬೇರೆ ದಾರಿಯಿರಲಿಲ್ಲ.

ಮುಖವನ್ನು ಎದುರು ಗೋಡೆಯ ಕಡೆ ತಿರುಗಿಸಿಕೊಂಡು ದಾಪುಗಾಲು ಹಾಕುತ್ತಿದ್ದೆ. ತಾವು ಅಂಗಡಿಯ ಮೆಟ್ಟಿಲ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿರಿ.

ಇಲ್ಲಿ ಓದುಗರಿಗೆ ಒಂದು ವಿವರಣೆ ಅಗತ್ಯ. ಮಾನಿಟರ್‌ರವರು ಮರಿಯಾಗಿದ್ದಾಗ ನನ್ನ ಮನೆಯವಳ ಮೇಲೆ ಹಾರಿ ತರಕಾರಿ ಚೀಲವನ್ನು ಬೀದಿಪಾಲು ಮಾಡಿದ್ದರಿಂದ ನಾನೊಂದು ಕಟ್ಟಳೆ ಮಾಡಿದೆ: ಮನೆಯವರು ಯಾರೇ ಬೀದಿಯಲ್ಲಿ ಸಿಕ್ಕರೂ ಇವರು ಅವರೆದುರು ಕೂರಬೇಕು, ಅವರ ಬಾಯಿಂದಲೇ ಮಾತು ಬರುವವರೆಗೂ ಏಳಕೂಡದು. ಆ ಮಾತು 'ವಿಶ್ರಾಮ್' ಇರಲಿ ಎಂದಿದ್ದೆ. ನನ್ನಾಕೆ ಹಟ ಹಿಡಿದು 'ಶಾಬಾಸ್' ಎಂದು ಮಾಡಿಸಿದಳು. ನಾಯಿಗೆ ತಾನೆ, ಹೋಗಲಿ ಎಂದು ಒಪ್ಪಿದ್ದೆ.

ಆದ್ದರಿಂದ ಮಾನ್ಯರೇ, ಬೀದಿಯಲ್ಲಿ ಮನೆಯವರೆದುರು ಕೂರುವ ಹಾಗೆಯೇ ತಾವು ಆ ಅಂಗಡಿಯೆದುರು ಕೂತದ್ದೇಕೆಂದು ನನಗೆ ಅರ್ಥವಾಗಲಿಲ್ಲ. ಮೊದಲು ಬನ್ನಿನ ವಾಸನೆಯಿರಬೇಕೆಂದುಕೊಂಡೆ. ಗಿರಾಕಿಯೊಬ್ಬರು ಬನ್ನು ಮುರಿದು ಮೂಗಿನ ಹತ್ತಿರ ಹಿಡಿದರೂ ತಾವು ಕಣ್ಣೆತ್ತಿ ನೋಡಲಿಲ್ಲ. ಚೈನು ಎಳೆದೆ, ಗದರಿದೆ, ಪಾರ್ಕಿನ ಆಸೆ ತೋರಿಸಿದೆ, ಕೊನೆಗೆ ಜೇಬಿನ ಸೀಟಿಯನ್ನೂ ಊದಿದೆ. ತಾವು ಕಲಿತ ಪಾಠ ಎಷ್ಟು ಗಟ್ಟಿಯಾಗಿತ್ತೆಂದರೆ ಕಲಿಸಿದವನಿಂದಲೇ ಅದನ್ನು ಕದಲಿಸಲಾಗಲಿಲ್ಲ. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು, ಮತ್ತು ನನ್ನ ತಮ್ಮ ಮೊಣಕೈವರೆಗೂ ಮೈದಾ ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ಅದು ಮೈದಾ ಅಲ್ಲವೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಒಂಬತ್ತು ವರ್ಷಗಳ ಮೇಲೆ ನಾನವನಿಗೆ ಆಡಿದ ಮೊದಲ ಮಾತು, ನಾಚಿಕೆಯಿಂದ ಬರೆಯುತ್ತೇನೆ, ಒಂದು ಹುಕುಂ: "ಶಾಬಾಸ್ ಅನ್ನು." ಅವನು ಕೈ ಒರೆಸಿಕೊಳ್ಳುತ್ತಾ, "ಅವನಿಗೆ ದಿನಾ ಸಿಗತ್ತೆ ಬಿಡಣ್ಣ. ಮೊದ್ಲು ನೀನು ಹೇಳಿ ತೋರ್ಸು" ಎಂದ. ನಗುತ್ತಿರಲಿಲ್ಲ. ನಾನು ತಮ್ಮನ್ನು ನೋಡಿದೆ, ಟ್ರೇಗಳನ್ನು ನೋಡಿದೆ. ಅವು ಒಂದೇ ಗೆರೆಯಲ್ಲಿದ್ದವು, ಸ್ಕೇಲಿಟ್ಟು ಜೋಡಿಸಿದ ಹಾಗೆ. ಇವನ್ನು ಇವನು ಒಂಬತ್ತು ವರ್ಷದಿಂದ ದಿನವೂ ಹೀಗೇ ಜೋಡಿಸುತ್ತಿದ್ದಾನಲ್ಲ ಎಂದು ಹೊಳೆಯಿತು. "ಶಾಬಾಸ್" ಎಂದೆ. ತಾವು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಸರಿಯಾಗಿಯೇ ಮಾಡಿದಿರಿ, ಏಕೆಂದರೆ ಅದು ತಮಗೆ ಹೇಳಿದ್ದಲ್ಲ.

ಅವನು ಮೆಟ್ಟಿಲಿಳಿದು ತಮ್ಮೆದುರು ಬಂದ. ಆಮೇಲೆ ಬಗ್ಗಿ, "ಶಾಬಾಸ್, ಮಾನಿಟರ್" ಎಂದ. ತಮ್ಮ ಹೆಸರನ್ನು ನಾನು ಹೇಳಿರಲಿಲ್ಲ. ತಾವು ಎದ್ದು, ಯಾರ ಅಪ್ಪಣೆಗೂ ಕಾಯದೆ ಕೌಂಟರಿನ ಹಿಂದೆ ಹೋಗಿ, ಮಡಿಸಿಟ್ಟ ಗೋಣಿಚೀಲದ ಮೇಲೆ ಒರಗಿ, ಪಕ್ಕದ ಸ್ಟೀಲ್ ಬಟ್ಟಲಲ್ಲಿ ನೀರು ಕುಡಿದಿರಿ. ಅದು ನಮ್ಮ ಮನೆಯ ಬಟ್ಟಲು. ಹೋದ ವರ್ಷ ಕಳೆದುಹೋಯಿತೆಂದು ನಾನು ಮನೆಯೆಲ್ಲ ತಡಕಾಡಿದ್ದ, ಅಂಚು ನೆಗ್ಗಿದ ಅದೇ ಬಟ್ಟಲು.

ಹೀಗೆ, ನಾನು ಮಧ್ಯಾಹ್ನ ಗೊರಕೆ ಹೊಡೆಯುವ ಹೊತ್ತಿನಲ್ಲಿ ನನ್ನಾಕೆ ತಮ್ಮನ್ನು 'ಸ್ವಲ್ಪ ಗಾಳಿಗೆ' ಎಂದು ಎಲ್ಲಿಗೆ ಕರೆದೊಯ್ಯುತ್ತಿದ್ದಳೆಂಬುದು ಬಯಲಾಯಿತು. ಹೊಸ ಅಂಗಡಿಯದೆಂದು ಹೇಳಿ ಅವಳು ತರುತ್ತಿದ್ದ ಬ್ರೆಡ್ಡು ಯಾರದೆಂಬುದೂ ತಿಳಿಯಿತು. ಅದರಲ್ಲಿ ಉಪ್ಪು ಜಾಸ್ತಿಯೆಂದು ಎರಡು ವರ್ಷ ಗೊಣಗುತ್ತಲೇ ತಿಂದಿದ್ದೆ. ಆಮೇಲೊಂದು ದಿನ ಉಪ್ಪು ಹದವಾಯಿತು, ನಾನು ಏನೂ ಹೇಳಲಿಲ್ಲ. ಅಂಗಡಿಯಿಂದ ಹೊರಡುವಾಗ ನನ್ನ ತಮ್ಮ ಮೆಲ್ಲಗೆ ಕೇಳಿದ್ದು ಅದೊಂದನ್ನೇ: "ಈಗ ಉಪ್ಪು ಸರಿ ಇದ್ಯಾ ಅಣ್ಣ?"

ಮಾನ್ಯರೇ, ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಬಿಡದೆ ದಿನವೂ ನನ್ನ ಕಾಲ ಬಳಿ ಮಲಗಿದ ತಮ್ಮ ಗುಟ್ಟು ಕಾಪಾಡುವ ಶಕ್ತಿಗೆ ಕೈಮುಗಿಯುತ್ತೇನೆ. ಆದರೆ ನನಗಾದ ನಷ್ಟವನ್ನು ತುಂಬಿಕೊಡುವ ಹೊಣೆ ತಮ್ಮದೇ. ಸುತ್ತುದಾರಿಯಲ್ಲಿ ನಾನು ಸವೆಸಿದ ಒಂಬತ್ತು ವರ್ಷವನ್ನು ಹಿಂದಿರುಗಿಸತಕ್ಕದ್ದು. ಅದು ಆಗದಿದ್ದಲ್ಲಿ, ವಾರಕ್ಕೊಮ್ಮೆಯಾದರೂ ಬ್ಯಾಂಕಿನಲ್ಲಿ ಬೊಗಳಿ, ಕೆಂಪು ದೀಪದಲ್ಲಿ ರಸ್ತೆ ದಾಟಿ, ಯಾರಿಗಾದರೂ ಅಪಮಾನ ಮಾಡಿ, ನಮ್ಮಿಬ್ಬರಲ್ಲಿ ಒಳ್ಳೆಯವನು ಯಾರೆಂಬ ಬಗ್ಗೆ ಊರಿನವರಿಗೆ ಸ್ವಲ್ಪವಾದರೂ ಸಂಶಯ ಬರುವಂತೆ ನಡೆದುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ.

ಚೈನಿನ ಈಚೆ ತುದಿಯಲ್ಲಿ ಸದಾ ನಡೆಯುವ,
ತಮ್ಮ ವಿಶ್ವಾಸಿ,
ನಿವೃತ್ತ ಡ್ರಿಲ್ ಮಾಸ್ತರ

ವಿ.ಸೂ.: ಹಿಂದಿನ ಬೀದಿಯ ಅಗೆತ ಮುಗಿದು ದಾರಿ ತೆರೆದಿದೆಯೆಂದು ತಿಳಿದುಬಂದಿದೆ, ತಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಬೇಕರಿಯ ಬೋರ್ಡು ಇಂದಿಗೂ ಎಡಗಡೆ ಎರಡು ಬೆರಳು ಇಳಿದೇ ಇದೆ. ಭಾನುವಾರ ಏಣಿ ತರುತ್ತೇನೆ. ಮೇಲೆ ಹತ್ತುವವನು ನಾನು, ಏಣಿ ಹಿಡಿಯುವವನು ನನ್ನ ತಮ್ಮ. ಉಪ್ಪು ಸರಿಯಿದೆಯೆಂದು ಅವನಿಗೆ ಏಣಿಯ ಮೇಲಿಂದಲೇ ಹೇಳುವವನಿದ್ದೇನೆ, ಆದ್ದರಿಂದ ನಾನು ಹೇಳಿ ಮುಗಿಸುವವರೆಗೆ ತಾವು ದಯವಿಟ್ಟು ಕೂತಲ್ಲಿಂದ ಏಳಕೂಡದು.