ಅಡ್ಡ ಮಲಗುವ ಭಾಗ್ಯ

ಸಂಖ ಊರಿನ ಟೇಲರ್ ಶಿವಯೋಗೆಪ್ಪನಿಗೆ ಬಂದ ತಲೆನೋವು ಭಾರಿ ಹಟಮಾರಿ. ಮಲಗಿದರೆ ಮಾಯ, ಎದ್ದು ಕೂತರೆ ಹಾಜರು. ಮಿಷನ್ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆಯ ಎಲುಬು ಸವೆದು, ಮಿರಜದಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದಿದ್ದ. ಕುತ್ತಿಗೆ ನೋವು ಹೋಯಿತು, ಇದು ಬಂತು. ಬೆಳಿಗ್ಗೆ ಫೋನ್ ಮಾಡಿದರೆ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಬೆನ್ನುಹುರಿಯ ಸುತ್ತಲಿನ ನೀರು ಒಳಗೆಲ್ಲೋ ಚೂರು ಸೋರುತ್ತಿರಬೇಕು. ಇವತ್ತು ದಿನವಿಡೀ ಅಡ್ಡ ಮಲಗಿದರೆ ಬಹುಶಃ ತಾನೇ ಮುಚ್ಚಿಕೊಳ್ಳುತ್ತದೆ. ಸಂಜೆಗೂ ನೋವಿದ್ದರೆ ಹೊರಟು ಬರಬೇಕು, ಮತ್ತೆ ಬಿಚ್ಚಿ ಹೊಲಿಯಬೇಕಾದೀತು.

ಬಿಚ್ಚಿ ಹೊಲಿಯುವುದೆಂದರೇನೆಂದು ಟೇಲರನಿಗೆ ಬೇರೆ ಹೇಳಬೇಕೆ? ಒಮ್ಮೆ ಬಿಚ್ಚಿದ ಅಂಗಿ ಮೊದಲಿನ ಹಾಗೆ ಕೂತದ್ದನ್ನು ಅವನು ಈ ಜನ್ಮದಲ್ಲಿ ನೋಡಿರಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ದಿಂಬು ಸರಿಸಿ, ಪಡಸಾಲೆಯ ಹೊರಸಿನ ಮೇಲೆ ತೊಲೆಯಂತೆ ಮಲಗಿದ.

ಆದರೆ ಊರಿಗೊಂದು ರೀತಿ ಇದೆಯಲ್ಲ. ಆಪರೇಶನ್ ಆದವನನ್ನು ಮಾತಾಡಿಸಲು ಹೋಗದವನಿಗೆ ಕೆಟ್ಟ ಹೆಸರು. ಹಿರಿಯರು ಬಂದಾಗ ಅವರೆದುರು ಕಾಲು ಚಾಚಿ ಮಲಗಿದವನಿಗೆ ಅದಕ್ಕಿಂತ ಕೆಟ್ಟ ಹೆಸರು.

ಮೊದಲು ಬಂದವರು ಅಣ್ಣಾರಾಯ ಕಾಕಾ. ಶಿವಯೋಗೆಪ್ಪ ಮೊಣಕೈ ಊರಿ, ಗೋಡೆ ಹಿಡಿದು, ಹಲ್ಲು ಕಚ್ಚಿ ಎದ್ದ. ಅವನು ಪೂರ್ತಿ ಎದ್ದು ಕೂತ ಮೇಲೆ ಕಾಕಾ, "ಏಳಬ್ಯಾಡೋ, ಮಲಕೋ ಮಲಕೋ" ಅಂದರು. ಆಮೇಲೆ ಇಂಥದೇ ಆಪರೇಶನ್ ಮಾಡಿಸಿಕೊಂಡು ಕೈ ಸ್ವಾಧೀನ ತಪ್ಪಿದ ತಮ್ಮ ಬೀಗರ ಕಥೆ ಹೇಳಿದರು. ಚಹಾ ಕುಡಿದು ಅದೇ ಕಥೆಯನ್ನು ಮತ್ತೊಮ್ಮೆ ಹೇಳಿದರು. ಶಿವಯೋಗೆಪ್ಪನ ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟತೊಡಗಿದ್ದರು.

ಕಾಕಾ ಎದ್ದರು, ಓಣಿಯ ಇಂದುಬಾಯಿ ಬಂದಳು. ಹಣೆಗೆ ಸುಂಠಿ ತೇದು ಹಚ್ಚುವುದಕ್ಕೆ ಅವನನ್ನು ಎಬ್ಬಿಸಿ ಕೂರಿಸಿದಳು. ಅವಳ ಬೆನ್ನಿಗೇ ಭಜನೆ ಮಂಡಳಿಯ ರಾಮಲಿಂಗ, ಪರಿವಾರ ಸಮೇತ. ಮಲಗಿಯೇ ಇರುವುದರಿಂದಲೇ ತಲೆ ಹಿಡಿದಿದೆ, ನಾಲ್ಕು ಹೆಜ್ಜೆ ಅಡ್ಡಾಡಿದರೆ ಬಿಡುತ್ತದೆ ಎಂದು ಅವನ ತೀರ್ಪು. ತಲೆ ಯಾರದೋ, ತೀರ್ಪು ಯಾರದೋ.

ಅವರು ಅತ್ತ ಹೋದೊಡನೆ ಶಿವಯೋಗೆಪ್ಪ ಹೆಂಡತಿ ಸಿದ್ದಲಿಂಗವ್ವನ ಮೇಲೆ ಹರಿಹಾಯ್ದ. ಬಾಗಿಲು ಹಾಕಬಾರದೇ?

"ಹಗಲೊತ್ತಿನ್ಯಾಗ ಬಾಗಲಾ ಹಾಕಿದ್ರ ಮಂದಿ ಏನಂದಾರ್ರೀ? ನಾಳಿ ನಮಗೂ ಮಂದಿ ಬೇಕು" ಅಂದಳು ಆಕೆ, ಮತ್ತೆ ಚಹಾಕ್ಕೆ ಇಡುತ್ತ.

ಈ ಗೋಳು ನೋಡಿ ಕರಗಿದವನು ಪಕ್ಕದ ಬಳೆ ಅಂಗಡಿಯ ಗುಲಾಬ. ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತು, ಬಂದವರನ್ನೆಲ್ಲ ಅಲ್ಲಿಂದಲೇ ಸಾಗಹಾಕತೊಡಗಿದ. "ಯಾರನ್ನೂ ಒಳಗ ಬಿಡಬ್ಯಾಡ ಅಂದಾರ್ರಿ ದಾಕ್ತರು. ಅಂವಾ ಮಾತೂ ಆಡಬಾರ್ದಂತ."

ಓಣಿ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಒನಕೆ ನಿಂತಿತು. ಶಿವಯೋಗೆಪ್ಪನಿಗೆ ಹಸಿವೆಯಾಯಿತು, ಮಲಗಿದಲ್ಲೇ ಹೆಂಡತಿ ಕೈಯಿಂದ ಎರಡು ತುತ್ತು ಉಂಡ. ಎದ್ದರೂ ನೋಯಲಿಕ್ಕಿಲ್ಲವೇನೋ ಎಂಬ ಧೈರ್ಯ ಮೂಡಿತು. ಇನ್ನು ಬಿಚ್ಚುವುದಿಲ್ಲ, ಹೊಲಿಯುವುದಿಲ್ಲ ಎಂದುಕೊಂಡು ಗುಲಾಬನನ್ನು ಮನಸಾರೆ ಹರಸುತ್ತ ನಿದ್ದೆ ಹೋದ.

ಗುಲಾಬನ ಮಾತು ಮಾತ್ರ ನಿದ್ದೆ ಹೋಗಲಿಲ್ಲ. ಫೋನಿನ ಮೇಲೆ ಫೋನು. ಶೇಗಾಂವ ಮುಟ್ಟುವಷ್ಟರಲ್ಲಿ ಯಾರನ್ನೂ ಹತ್ತಿರ ಬಿಡುತ್ತಿಲ್ಲವಂತೆ ಎಂದಾಯಿತು. ವಳಸಂಗ ಮುಟ್ಟುವಷ್ಟರಲ್ಲಿ ಮಾತೇ ನಿಂತಿದೆಯಂತೆ ಎಂದಾಯಿತು. ವಳಸಂಗದಲ್ಲಿದ್ದವಳು ಶಿವಯೋಗೆಪ್ಪನ ಅಕ್ಕ ಗೌರವ್ವ.

ಹೊತ್ತು ಇಳಿಯುವಾಗ ಬಾಗಿಲಲ್ಲಿ ಕ್ರೂಸರ್ ಗಾಡಿ ನಿಂತಿತು. ಎದೆ ಬಡಿದುಕೊಳ್ಳುತ್ತ ಗೌರವ್ವ ಇಳಿದಳು, ಹಿಂದೆ ಗಾಡಿ ತುಂಬ ಬಂಧುಬಳಗ. ಒಡಹುಟ್ಟಿದವಳನ್ನು ತಡೆಯಲು ಗುಲಾಬನ ಕುರ್ಚಿ ಸಾಲದು. ಅಳು ಕೇಳಿ ಕಣ್ಣು ಬಿಟ್ಟ ಶಿವಯೋಗೆಪ್ಪ, ಏನಾದರೂ ಏಳಬಾರದೆಂದು ಗಟ್ಟಿ ಮಾಡಿಕೊಂಡು ಮಲಗಿದಲ್ಲಿಂದಲೇ ಅಂದ:

"ಅಕ್ಕಾ, ನನಗೇನೂ ಆಗಿಲ್ಲ."

"ನೋಡ್ರೆವ್ವಾ, ಕೊನಿ ಹೊತ್ತಿನ್ಯಾಗೂ ನನ್ನ ಸಮಾಧಾನ ಮಾಡ್ಲಾಕತ್ತಾನ" ಎಂದು ಗೌರವ್ವ ಅಳುವನ್ನು ಒಂದು ಪಟ್ಟು ಏರಿಸಿದಳು. ಯಾರೋ ಹಣೆಗೆ ವಿಭೂತಿ ಬಳಿದರು. ಯಾರೋ ಬಾಯಿಗೆ ಚಮಚದಿಂದ ನೀರು ಬಿಟ್ಟರು. ಊರ ಮಂದಿಯೂ ಗುಲಾಬನನ್ನು ದಾಟಿ ಒಳಗೆ ನುಗ್ಗಿತು. ಇನ್ನೂ ಮಲಗಿದ್ದರೆ ಸಾಯುವವನನ್ನು ಇಳಿಸುವಂತೆ ಹೊರಸಿನಿಂದ ನೆಲಕ್ಕೆ ಇಳಿಸಿಯೇ ಬಿಡುತ್ತಾರೆಂದು ಹೆದರಿ ಶಿವಯೋಗೆಪ್ಪ ದಡಕ್ಕನೆ ಎದ್ದು ಕೂತ.

ಅಳು ನಿಂತಿತು. ತಲೆನೋವು ಬಂತು, ಬೆಳಗಿನದರ ಎರಡರಷ್ಟು. ಸತ್ತವನು ಬದುಕಿ ಬಂದಷ್ಟು ಸಂತೋಷದಿಂದ ಎಲ್ಲರೂ ಅವನನ್ನು ಸುತ್ತುಗಟ್ಟಿ ಮಾತಾಡಿಸಿದರು, ಅವನನ್ನು ಮಲಗಗೊಡಲಿಲ್ಲ. ಕೊನೆಗೆ ಅವನೇ ಡಾಕ್ಟರಿಗೆ ಫೋನ್ ಹಚ್ಚಿದ. ತಡ ಮಾಡದೆ ಹೊರಟು ಬನ್ನಿ ಅಂದರು ಅವರು.

ಆಗಲಿ ಬಿಡು, ಬಿಚ್ಚಲಿ, ಹೊಲಿಯಲಿ ಅನ್ನಿಸಿತು ಶಿವಯೋಗೆಪ್ಪನಿಗೆ. ಹೆಂಗೂ ಬಾಗಿಲಲ್ಲಿ ಗಾಡಿಯಿದೆ. ಹಿಂದಿನ ಸೀಟಿನಲ್ಲಿ ಮಿರಜದವರೆಗಾದರೂ ಕಾಲು ಚಾಚಿ, ಯಾರ ಹಂಗೂ ಇಲ್ಲದೆ ಮಲಗಬಹುದು. ಆ ಒಂದೇ ಆಸೆಯಿಂದ ಹೆಂಡತಿಯ ಹೆಗಲು ಹಿಡಿದು ಹೊರಗೆ ಬಂದ.

ಗಾಡಿಯಲ್ಲಿ ಆಗಲೇ ಅಣ್ಣಾರಾಯ ಕಾಕಾ ಕೂತಿದ್ದರು. ಇಂದುಬಾಯಿ ಕೂತಿದ್ದಳು. ವಳಸಂಗದವರೆಲ್ಲ ಒತ್ತೊತ್ತಾಗಿ ಕೂತಿದ್ದರು. ಆಪರೇಶನ್‌ಗೆ ಹೊರಟವನ ಜೊತೆ ಹೋಗದಿದ್ದರೆ ಹೇಗೆ? ಮೂಲೆಯಲ್ಲಿ ಗೇಣಗಲ ಜಾಗದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು ಗೌರವ್ವ.

"ಬಾ ತಮ್ಮಾ, ನಿನಗಂತ ಹಿಡದೀನಿ. ತುಸು ನೆಟ್ಟಗ ಕುಂದ್ರು, ಇನ್ನೂ ಭಜನಿ ರಾಮಲಿಂಗ ಬರಾಂವ ಅದಾನ."