ಸಿಗಡಿಯ ದಾಯಾದಿಗಳು

ಮಾಬ್ಲ ಸತ್ತುಹೋದ. ಎಪ್ಪತ್ತೊಂಬತ್ತನೇ ಇಸವಿಯ ಜುಲೈ, ಒಂದು ಬುಧವಾರ, ಸಂಜೆ ನಾಲ್ಕೂವರೆಯ ಸುಮಾರಿಗೆ, ಹೊನ್ನಾವರದ ತನ್ನ ಮನೆಯಲ್ಲಿ. ಎದೆ ನಿಂತಿತು ಎಂದರು ಡಾಕ್ಟರು. ಅರವತ್ತೊಂದು ವರ್ಷ.

ಅದಕ್ಕೆ ಹಿಂದಿನ ಮೂರು ವಾರ ಅವನು ಕೂತಲ್ಲಿ ಕೂತವನಲ್ಲ. ಕಾರಣ ಒಂದು ಹುಳ. ಉಗುರಿನಷ್ಟು ಉದ್ದ, ಬೂದಿ ಬಣ್ಣ, ಬೆನ್ನ ಮೇಲೆ ಹಂಚು ಹೊದೆಸಿದಂಥ ಪದರ, ಹದಿನಾಲ್ಕು ಕಾಲು. (ಮಾಬ್ಲ ಎಣಿಸಿದ್ದ. ಒಮ್ಮೆ ಹದಿಮೂರು ಬಂದದ್ದಕ್ಕೆ ಹುಳವನ್ನೇ ಬೈದಿದ್ದ.) ಮಗಳು ದುರ್ಗಿಯ ಚೊಚ್ಚಲ ಬಾಣಂತನಕ್ಕೆಂದು ತೆಗೆದಿಟ್ಟ ಒಳಕೋಣೆಯಲ್ಲೇ ಅವು ದಿಬ್ಬಣ ಹೊರಟಂತೆ ಸಾಲು ಹಿಡಿದಿದ್ದವು.

ಸುದ್ದಿ ಮುರ್ಡೇಶ್ವರ ಮುಟ್ಟಿತು. ದುರ್ಗಿಯ ಅತ್ತೆ ಮಾಸ್ತಮ್ಮ ಹೇಳಿಕಳಿಸಿದಳು: ಹುಳ ಕೂಸಿನ ಕಿವಿಗೆ ಹೊಕ್ಕರೆ ಯಾರು ಹೊಣೆ? ಬರುವ ಬುಧವಾರ ತಾನೇ ಬಂದು ಕೋಣೆ ನೋಡುವುದು. ಸರಿ ಕಂಡರೆ ಸೊಸೆಯನ್ನು ಕಳಿಸುವುದು, ಇಲ್ಲದಿದ್ದರೆ ಹೆರಿಗೆ ಮುರ್ಡೇಶ್ವರದಲ್ಲೇ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರಲಾಗದ ಮನೆ ಎನ್ನಿಸಿಕೊಳ್ಳುವುದಕ್ಕಿಂತ ಮಾಬ್ಲನ ಹೆಂಡತಿ ನರ್ಮದಾ ಶರಾವತಿಯನ್ನು ಈಜಿ ಗೇರುಸೊಪ್ಪೆಗೆ ಹೋಗಲು ತಯಾರಿದ್ದಳು. ಹೋಗುವ ಮೊದಲು ಗಂಡನಿಗೆ ನಾಲ್ಕು ಮಾತು ಹೇಳಲೂ ತಯಾರಿದ್ದಳು, ಹೇಳಿದಳು ಕೂಡ.

ಮಾಬ್ಲ ಒಂದು ಹುಳವನ್ನು ಬೆಂಕಿಪೆಟ್ಟಿಗೆಯಲ್ಲಿ ಬಂಧಿಸಿ ಪಕ್ಕದ ಮನೆಯ ವೆಂಕಟ ಮಾಸ್ತರ ಹತ್ತಿರ ಓಡಿದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು ಅದನ್ನು ಕಡ್ಡಿಯಿಂದ ಮುಟ್ಟಿದರು. ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವುದು ಇದರ ಖಾಸಾ ತಮ್ಮ. ಇದು ಸುತ್ತಿಕೊಳ್ಳದೆ ಓಡುತ್ತದೆ, ಕಚ್ಚುವುದಿಲ್ಲ, ಕೊಳೆತದ್ದನ್ನು ತಿಂದುಕೊಂಡು ತಣ್ಣಗಿರುತ್ತದೆ ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಇದು ಹುಳವೇ ಅಲ್ಲ ಮಾಬ್ಲ, ಸಿಗಡಿಯ ದಾಯಾದಿ. ಕಿವಿರಿನಂಥದರಲ್ಲಿ ಉಸಿರಾಟ. ತೇವ ತೆಗೆದ್ರೆ ಸತ್ತಿತು."

ನಲವತ್ತು ವರ್ಷ ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಾರಿದವನಿಗೆ ಸಿಗಡಿಯ ದಾಯಾದಿಯನ್ನು ಏನು ಮಾಡಬೇಕೆಂದು ಯಾರು ಹೇಳಿಕೊಡಬೇಕು? ಮಾಬ್ಲ ಎರಡು ಚೀಲ ಕಲ್ಲುಪ್ಪು ತಂದ. ನೆಲ, ಗೋಡೆಯ ಬುಡ, ಹೊಸ್ತಿಲುಗಳಿಗೆ ಲವಣಾಭಿಷೇಕ ಮಾಡಿದ.

ಮೀನನ್ನು ಒಣಗಿಸಿದ್ದು ಉಪ್ಪೊಂದೇ ಅಲ್ಲ, ಬಿಸಿಲೂ ಹೌದು ಎಂಬುದು ಅವನಿಗೆ ಮರೆತುಹೋಗಿತ್ತು. ಮಳೆಗಾಲದ ಗಾಳಿಯ ನೀರನ್ನೆಲ್ಲ ಕುಡಿದ ಉಪ್ಪು ಬೆಳಗಾಗುವುದರೊಳಗೆ ಕರಗಿ, ಸಗಣಿ ಸಾರಿಸಿದ ನೆಲ ಕೆಸರುಗದ್ದೆಯಾಯಿತು. ದಾಯಾದಿಗಳು ಸಾಯಲಿಲ್ಲ, ಸಂಸಾರಸಮೇತ ಅಡುಗೆಮನೆಗೆ ವಲಸೆ ಬಂದವು.

"ಮಗಳ ಬಾಣಂತನ ಮಾಡೂದೋ, ಉಪ್ಪಿನಕಾಯಿ ಹಾಕೂದೋ?" ನರ್ಮದಾ ಕೇಳಿದಳು.

ಮಾಬ್ಲ ಕೆಸರು ಬಾಚಲು ಮೂಲೆಯ ಸೌದೆ ಸರಿಸಿದ. ಬಾಣಂತಿಯ ಬಿಸಿನೀರಿಗೆ ಒಂದು ಕೊರಡೂ ಕಡಿಮೆಯಾಗಬಾರದೆಂದು ಮೊದಲ ಮಳೆಯಲ್ಲಿ ನೆನೆದದ್ದನ್ನೂ ಬಿಡದೆ ಅವನೇ ತಂದು ಒಟ್ಟಿದ ರಾಶಿ ಅದು. ಕೆಳಗೆ ಹುಳಗಳ ಮೂರು ತಲೆಮಾರು ಬಿಡಾರ ಹೂಡಿತ್ತು. ಆಮಂತ್ರಣ ಕೊಟ್ಟವನು ತಾನೇ ಎಂಬುದನ್ನು ಅವನು ಹೆಂಡತಿಗೆ ಹೇಳಲಿಲ್ಲ. (ಹೇಳುವ ಅಗತ್ಯ ಬೀಳಲಿಲ್ಲ. ಅವಳು ಹಿಂದೆಯೇ ನಿಂತಿದ್ದಳು.) ಸೌದೆಯನ್ನೆಲ್ಲ ಹೊರಗಿನ ಇಳಿಜಾರು ಮಾಡಿನ ಕೆಳಗೆ ಸಾಗಿಸಿ, ನೆಲ ಕೆತ್ತಿ, ಬಿಸಿ ಬೂದಿ ಹರಡಿ, ಮೂರು ದಿನ ಕೆಂಡದ ಮಡಕೆಯಿಟ್ಟು ಕಾದ. ಹುಳಗಳು ಕಾಣದಾದವು.

ಬುಧವಾರ ಬಂದ ಮಾಸ್ತಮ್ಮ ಚಾಪೆ ಮಗುಚಿ, ಗೋಡೆ ಸವರಿ, ಹೊಸ್ತಿಲ ಬಿರುಕಿನಿಂದ ಒಂದೇ ಒಂದನ್ನು ಹೊರಗೆಳೆದಳು.

"ಅದು ಕಿವಿಗೆಲ್ಲ ಹೋಗೂದಿಲ್ಲ ಬೀಗ್ತಿ, ಪಾಪದ್ದು," ಎಂದ ಮಾಬ್ಲ.

"ಹಾಗಾರೆ ನೀವೇ ಒಂದು ತಾಸು ಮಲಗಿ ತೋರ್ಸಿ ಬೀಗರೆ."

ಮಾಬ್ಲ ಒಂದು ಗಳಿಗೆ ಹಿತ್ತಲಿಗೆ ಹೋಗಿಬಂದು ವೀರನಂತೆ ಚಾಪೆಯ ಮೇಲೆ ಮಲಗಿದ. ಮಾಸ್ತಮ್ಮ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿದಳು. ತಾಸು ಮುಗಿಯಿತು. "ಆತು. ಶುಕ್ರವಾರ ಕಳಿಸ್ತೆ," ಎಂದಳು. ಮಾಬ್ಲ ಮಾಡಿನ ಜಂತೆ ನೋಡುತ್ತ ಮಲಗೇ ಇದ್ದ. ಇನ್ನೊಮ್ಮೆ ಹೇಳಿದಳು. ಅಲುಗಲಿಲ್ಲ. ನರ್ಮದಾ ಬಗ್ಗಿ ನೋಡಿದಳು: ಎರಡು ಕಿವಿಯಲ್ಲೂ ಗಡದ್ದಾಗಿ ತುರುಕಿದ ಹತ್ತಿ.

ಮೊದಲು ನಕ್ಕವಳು ಮಾಸ್ತಮ್ಮ. ಮೂರು ವಾರದಿಂದ ನಗದ ನರ್ಮದಾ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಹಿಡಿದಳು. ಮಾಬ್ಲ ಎದ್ದು ಹತ್ತಿ ತೆಗೆದು, ಎಂತ ಹೇಳಿದ್ದೆಂದು ಕೇಳಿ, ಬೀಗ್ತಿಯ ಬಾಯಿಂದ ಶುಕ್ರವಾರವನ್ನು ಮೂರನೇ ಸಲ ಹೇಳಿಸಿಕೊಂಡ.

ಮೂರೂವರೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದ. ನರ್ಮದಾ ಒಲೆಯ ಮುಂದೆ ಇನ್ನೂ ನಗುತ್ತಿದ್ದಳು. ಹತ್ತಿಯ ಎರಡೂ ಉಂಡೆಗಳನ್ನು ಅವಳ ಕೈಗೆ ಕೊಟ್ಟು, ಚಾ ಆಗುವವರೆಗೆ ಎಂದು ಹೇಳಿ, ಅದೇ ಚಾಪೆಯ ಮೇಲೆ ಹೋಗಿ ಮಲಗಿದ.